ದಾವಲಮಲಿಕನಿಗೆ ಗೊತ್ತಿಲ್ಲದ ಸಂಗತಿ

ಹೊಂಡದಹಾಳದಲ್ಲಿ ದಾರಿ ಕೇಳಬಾರದು ಎಂಬುದು ಸಿಂದಗಿ ಸೀಮೆಯ ಬಂಡಿಕಾರರಿಗೆಲ್ಲ ಗೊತ್ತಿದ್ದ ಮಾತು. ಅಲ್ಲಿಯ ಜನ ಕೆಟ್ಟವರು ಎಂದಲ್ಲ. ಅತಿ ಒಳ್ಳೆಯವರು, ತೊಂದರೆ ಅದೇ. ಮುದ್ದೇಬಿಹಾಳಕ್ಕೆ ಯಾವ ಕಡೆ ಹೋಗಬೇಕು ಎಂದು ಕೇಳಿದವನನ್ನು ಮೊದಲು ಕಟ್ಟೆಯ ಮೇಲೆ ಕೂಡ್ರಿಸಿ, ನೀರು ಬೆಲ್ಲ ಕೊಟ್ಟು, ಅವನ ಪರವಾಗಿ ಬಿಸಿಲಿಗೆ ನಾಲ್ಕು ಮಾತು ಬೈದು, ಆಮೇಲೆ ಮೂವರು ಮೂರು ದಿಕ್ಕಿಗೆ ಕೈ ಮಾಡುತ್ತಿದ್ದರು. ಮೂವರಲ್ಲಿ ಇಬ್ಬರು ಮುದ್ದೇಬಿಹಾಳವನ್ನು ಕಣ್ಣಿಂದ ಕಂಡವರಲ್ಲ. ಆದರೆ ಕೇಳಿಕೊಂಡು ಬಂದವನಿಗೆ ‘ಗೊತ್ತಿಲ್ಲ’ ಎಂದು ಹೇಳಿ ಕಳಿಸುವುದು ಆ ಊರಿನಲ್ಲಿ ಊಟದ ಹೊತ್ತಿಗೆ ಬಂದವನ ಮುಖಕ್ಕೆ ಕದ ಹಾಕಿದಷ್ಟು ದೊಡ್ಡ ಅಪರಾಧವಾಗಿತ್ತು.

ಈ ಊರಿನ ಹೊರಗೆ, ಹೊಂಡದ ದಂಡೆಯ ಮೇಲೆ ಒಂದು ಪಾಳು ಗುಡಿ. ಒಳಗೆ ದೇವರಿಲ್ಲ, ಪೂಜೆಯಿಲ್ಲ. ಬಾಗಿಲ ಎಡಬಲಕ್ಕೆ ಆಳೆತ್ತರ ಮೀರಿದ ಇಬ್ಬರು ದ್ವಾರಪಾಲಕರು ಮಾತ್ರ ಎಂಟು ನೂರು ವರ್ಷಗಳಿಂದ ಖಾಲಿ ಕೋಣೆಯನ್ನು ನಿಷ್ಠೆಯಿಂದ ಕಾಯುತ್ತಿದ್ದರು. ಬಲಗಡೆಯವನಿಗೆ ಮೂಗಿರಲಿಲ್ಲ. ಸರ್ಕಾರ ಗುಡಿಯ ಸುತ್ತ ತಂತಿ ಬೇಲಿ ಹಾಕಿ, ಹನ್ನೆರಡು ಕಣಗಿಲ ಗಿಡ ಹಚ್ಚಿ, ಒಂದು ಸಿಮೆಂಟ್ ಬೆಂಚು ಇಟ್ಟು, ‘ಪ್ರಾಚೀನ ಸ್ಮಾರಕ ಉದ್ಯಾನ’ ಎಂದು ನೀಲಿ ಫಲಕ ನಿಲ್ಲಿಸಿತ್ತು. ಆ ಉದ್ಯಾನದ ಮಾಲಿ, ಪಹರೆಯವ, ಫಲಕ ಒರೆಸುವವ, ಬಂದವರಿಗೆ ವಿವರಿಸಿ ಹೇಳುವವ ಎಲ್ಲ ಒಬ್ಬನೇ: ದಾವಲಮಲಿಕ. ಮುಂಬಯಿ ಸರ್ಕಾರವಿದ್ದಾಗ ಹಂಗಾಮಿ ನೌಕರನಾಗಿ ಸೇರಿದ. ಮೈಸೂರು ಸರ್ಕಾರ ಬಂತು, ಆಗಲೂ ಹಂಗಾಮಿ. ರಾಜ್ಯಗಳು ಬದಲಾದವು, ನಕ್ಷೆಗಳು ಬದಲಾದವು. ದಾವಲಮಲಿಕನ ಕೆಲಸ ಹಾಗೆಯೇ ಉಳಿಯಿತು.

ಅವನಿಗೆ ಗಿಡಗಳ ಮೇಲೆ ಪ್ರೀತಿ, ಅದಕ್ಕಿಂತ ಹೆಚ್ಚಾಗಿ ಬಂದ ಜನರ ಮೇಲೆ ಪ್ರೀತಿ. ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದವರು ಬರಿಗೈಯಲ್ಲಿ ಹೋಗಬಾರದು. ಆದ್ದರಿಂದ ಇಂಡಿ ತಾಲೂಕಿನವರು ಬಂದರೆ, “ಈ ಗುಡಿ ಕಟ್ಟಿಸಿದಾಂವ ನಿಮ್ಮ ಇಂಡಿಯಾಂವರಿ” ಎನ್ನುತ್ತಿದ್ದ. ಬಸವನ ಬಾಗೇವಾಡಿಯವರಿಗೆ, “ಶಿಲ್ಪಿ ನಿಮ್ಮೂರ ಅಳಿಯ” ಎನ್ನುತ್ತಿದ್ದ. ಮುದ್ದೇಬಿಹಾಳದ ವ್ಯಾಪಾರಿಗಳಿಗೆ ಕಲ್ಲೆಲ್ಲ ಅವರ ಕಡೆಯಿಂದಲೇ ಬಂತೆಂದು ಹೇಳಿ, ಬಂಡಿಗಳು ಎಷ್ಟು ಎಂಬ ಲೆಕ್ಕವನ್ನೂ ಕೊಡುತ್ತಿದ್ದ. ಮೂಗಿನ ಬಗೆಗಂತೂ ಅವನ ಹತ್ತಿರ ಐದು ಕಥೆಗಳಿದ್ದವು. ಸಿಡಿಲು, ಆನೆ, ದಂಡು, ಭೂಕಂಪ, ಮತ್ತು ಹೆಂಗಸರು ಮಕ್ಕಳು ಇಲ್ಲದಾಗ ಮಾತ್ರ ಹೇಳುವ ಒಂದು ಪ್ರೇಮಪ್ರಸಂಗ.

ಹೀಗೆ ಒಂಬತ್ತು ವರ್ಷ ಎಲ್ಲರೂ ಸಂತೋಷವಾಗಿದ್ದರು. ಆಮೇಲೆ ೧೯೬೧ರಲ್ಲಿ ಇಂಡಿಯ ಒಬ್ಬ ಮಾಸ್ತರರೂ ಬಾಗೇವಾಡಿಯ ಒಬ್ಬ ಮಾಸ್ತರರೂ ಯಾವುದೋ ಶಿಕ್ಷಕರ ಸಭೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತರು. ಮಾತು ಹೊಂಡದಹಾಳದ ಗುಡಿಗೆ ಬಂತು. ಕಟ್ಟಿದವರು ನಾವು ಎಂದು ಒಬ್ಬರು, ಕೆತ್ತಿದವರು ನಾವು, ಹಾಗಾಗಿ ಗುಡಿ ನಮ್ಮದು ಎಂದು ಇನ್ನೊಬ್ಬರು. ಚಹಾ ಚೆಲ್ಲಿತು, ಟೊಪ್ಪಿಗೆ ಬಿತ್ತು. ಕೊನೆಗೆ “ನನಗೆ ಸರ್ಕಾರದ ಮನುಷ್ಯನೇ ಹೇಳ್ಯಾನ” ಎಂದು ಇಬ್ಬರೂ ಒಟ್ಟಿಗೆ ಕೂಗಿದಾಗ ಇಬ್ಬರಿಗೂ ವಿಷಯ ತಿಳಿಯಿತು. ಅಲ್ಲೇ ಸ್ನೇಹಿತರಾಗಿ ಇಬ್ಬರೂ ಸೇರಿ ಇಲಾಖೆಗೆ ಒಂದು ಅರ್ಜಿ ಬರೆದರು.

ಅರ್ಜಿಯ ಫಲವಾಗಿ ನಾಲ್ಕು ತಾಲೂಕಿನ ಸ್ಮಾರಕಗಳ ಮಾಲಿಗಳಿಗೂ ಪಹರೆಯವರಿಗೂ ಮುದ್ದೇಬಿಹಾಳದಲ್ಲಿ ಎಂಟು ದಿನದ ತರಬೇತಿ ನಿಗದಿಯಾಯಿತು. ವಿಷಯ: ಸಾರ್ವಜನಿಕರಿಗೆ ಪ್ರಾಚೀನ ಪರಂಪರೆಯನ್ನು ತಿಳಿಸಿ ಹೇಳುವ ವಿಧಾನ. ಕಲಿಸುವವರು ಬಸಂತರಾಯರು. ಇಲಾಖೆಯ ಈ ಸಹಾಯಕರು ಕರಿ ಕೋಟು ಹಾಕಿ, ಕೈಯಲ್ಲಿ ಬೆತ್ತ ಹಿಡಿದು, ಅಚ್ಚು ಹಾಕಿಸಿದ ಪುಸ್ತಕದಂತೆ ಮಾತಾಡುತ್ತಿದ್ದರು. ಹನ್ನೊಂದು ಮಂದಿ ನೌಕರರು ಚಾಪೆಯ ಮೇಲೆ ಸಾಲಾಗಿ ಕೂತರು.

“ನಿಯಮಗಳು ಮೂರೇ” ಎಂದರು ಬಸಂತರಾಯರು. “ಒಂದು, ಕೈಪಿಡಿಯಲ್ಲಿ ಇರುವುದನ್ನು ಹೇಳಬೇಕು. ಎರಡು, ಸ್ಮಾರಕಕ್ಕೆ ಧಕ್ಕೆ ಮಾಡಿದವರಿಗೆ ಮೂರು ತಿಂಗಳ ಸೆರೆವಾಸವೆಂದು ಎಚ್ಚರಿಸಬೇಕು. ಮೂರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಮೂರನೆಯದೇ ಮುಖ್ಯ. ಗೊತ್ತಿಲ್ಲ ಎನ್ನಬಲ್ಲವನೇ ನಿಜವಾದ ಮಾರ್ಗದರ್ಶಿ.”

ಮೊದಲೆರಡು ನಿಯಮಗಳಲ್ಲಿ ದಾವಲಮಲಿಕ ಎಲ್ಲರಿಗಿಂತ ಮುಂದೆ. ಕೈಪಿಡಿಯ ಹದಿನಾರು ಪುಟ ಮೂರೇ ದಿನದಲ್ಲಿ ಬಾಯಿಗೆ ಬಂತು. ಸೆರೆವಾಸದ ಮಾತನ್ನು ಅವನು ಹೇಳುವ ಧಾಟಿಗೆ ಪಕ್ಕದಲ್ಲಿ ಕೂತ ಯಂಕಂಚಿಯ ಪಹರೆಯವ ಬೆಚ್ಚಿ ಬೀಳುತ್ತಿದ್ದ. ಮೂರನೆಯ ನಿಯಮದ ಹತ್ತಿರ ಬಂಡಿ ನಿಂತಿತು.

ಬಸಂತರಾಯರು ತಾವೇ ಪ್ರವಾಸಿಯಾಗಿ ಎದುರು ನಿಂತು ಕೇಳಿದರು: “ಈ ಕಂಬವನ್ನು ನಿಲ್ಲಿಸಲು ಎಷ್ಟು ಜನ ಬೇಕಾದರು?”

“ನೂರಾ ಎಂಟು ಮಂದಿರಿ. ಅದ್ರಾಗ ಒಬ್ಬಾಂವ ಎಡಚ.”

“ನಿಮಗೆ ಯಾರು ಹೇಳಿದರು?”

“ನೀವ ಕೇಳಿದ್ರೆಲ್ಲರಿ.”

“ಕೇಳಿದೆ. ಉತ್ತರ ಕೈಪಿಡಿಯಲ್ಲಿ ಇಲ್ಲ. ಆದ್ದರಿಂದ ಗೊತ್ತಿಲ್ಲ ಅನ್ನಿ.”

ದಾವಲಮಲಿಕ ಬಾಯಿ ತೆರೆದ. “ಗೊ” ಎಂದ. ಔಡಲೆಣ್ಣೆ ಕುಡಿದವನ ಹಾಗೆ ಮುಖ ಮಾಡಿದ. ಮತ್ತೆ “ಗೊ” ಎಂದು, ಅಲ್ಲಿಗೇ ನಿಂತು, ಕೈ ಮುಗಿದ. “ಸಾಹೇಬ್ರ, ನೀವು ಹೊಟ್ಟಿಗೆ ಹಾಕ್ಕೋರಿ. ಪಾಪ ಅವ್ರು ಬಿಸಲಾಗ ಸಿಂದಗಿಯಿಂದ ಬಂದಿರ್ತಾರ. ಮಾರಿ ಮ್ಯಾಲ ಹೊಡದಂಗ ಹೆಂಗ ಅನ್ಲಿರಿ?”

ಎಂಟನೆಯ ದಿನ ಬಸಂತರಾಯರು ಅವನ ಹೆಸರಿನ ಮುಂದೆ ಬರೆದರು: ಸ್ಮರಣಶಕ್ತಿ ಉತ್ತಮ, ಧ್ವನಿ ಉತ್ತಮ, ಗೊತ್ತಿಲ್ಲ ಎನ್ನುವುದು ಸೊನ್ನೆ. ಹೊರಡುವಾಗ ಪಕ್ಕಕ್ಕೆ ಕರೆದು, ಪುಸ್ತಕದ ಭಾಷೆ ಬಿಟ್ಟು ಹೇಳಿದರು: “ನೋಡಪಾ, ಮುಂದಿನ ತಿಂಗಳ ದೊಡ್ಡ ಸಾಹೇಬ್ರು ಬಂದು ಸ್ವತಃ ಪರೀಕ್ಷಾ ಮಾಡ್ತಾರ. ಪಾಸಾದ್ರ ನೀ ಕಾಯಂ. ಇಲ್ಲಂದ್ರ ಮ್ಯಾಟ್ರಿಕ್ ಆದಾಂವ ಒಬ್ಬ ಬರ್ತಾನ, ನೀ ಮನೀಗೆ. ದಿನಾ ಮನ್ಯಾಗ ರೂಢಿ ಮಾಡು. ಮನಿ ಸಾಮಾನನ ಗುಡಿ ಅಂತ ತಿಳಕೊಂಡು ಅದರ ಮುಂದ ನಿಂತು ಹೇಳು.”

ದಾವಲಮಲಿಕ ಇಲಾಖೆ ಕೊಟ್ಟ ಖಾಕಿ ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ಒಂದು ಬೆತ್ತ ಹಿಡಿದು ಊರಿಗೆ ಬಂದ. ಅತ್ತೆಯ ತವರಿನಿಂದ ಬಂದ ಆ ಮನೆಯಲ್ಲಿ ಮೂವರು: ಅವನು, ಹೆಂಡತಿ ಮುಮ್ತಾಜ, ಅತ್ತೆ ಖಾತುನಬಿ. ಎಪ್ಪತ್ತರ ಖಾತುನಬಿ ಸೊಂಟ ಮುರಿದ ಮೇಲೆ ಪಡಸಾಲೆಯ ಹೊರಸು ಬಿಟ್ಟು ಏಳುತ್ತಿರಲಿಲ್ಲ. ಹಲ್ಲು ಹೋದ ಮೇಲೆ ಎಲೆ ಅಡಿಕೆಯನ್ನು ಸಣ್ಣ ಒರಳಿನಲ್ಲಿ ಕುಟ್ಟಿಕೊಂಡು ಹಾಕುವುದು ಅವಳ ದಿನಚರಿ. ಹೊರಸಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮನೆಯಲ್ಲಿ ಎಲ್ಲ ಸರಿಯಿದೆ ಎಂದು ಅರ್ಥ. ಕುಟ್ಟಿದ ಎಲೆಯನ್ನು ಮಗಳಿಗೆ ಕೊಡುತ್ತಿದ್ದಳು, ನೆರೆಯವರಿಗೆ ಕೊಡುತ್ತಿದ್ದಳು, ಅಳಿಯನಿಗೆ ಮಾತ್ರ ಒಮ್ಮೆಯೂ ಕೊಟ್ಟವಳಲ್ಲ. ಅವನ ಬಾಯಿ ಮೊದಲೇ ಕೆಲಸದಲ್ಲಿ ಇರುತ್ತದೆ ಎಂಬುದು ಅವಳ ವಾದ.

ಮನೆಯೊಳಗೆ ದಾವಲಮಲಿಕ ಗುಡಿಯನ್ನು ಹಂಚಿದ. ಅಡುಗೆಮನೆ ಗರ್ಭಗುಡಿ. ಜೋಳ ತುಂಬಿಡುವ ಎತ್ತರದ ಮಣ್ಣಿನ ವಾಡೆ ನಾಟ್ಯಮಂಟಪದ ಕಂಬ. ಪಡಸಾಲೆಯ ಬಾಗಿಲ ಬಲಗಡೆ ಅತ್ತೆಯ ಹೊರಸು ಇದ್ದದ್ದರಿಂದ ಅದು ಮೂಗಿಲ್ಲದ ದ್ವಾರಪಾಲಕ. ಮರುದಿನ ಮಧ್ಯಾಹ್ನ ಟೊಪ್ಪಿಗೆ ಸರಿಮಾಡಿಕೊಂಡು, ಕಾಣದ ಪ್ರವಾಸಿಗರ ಗುಂಪನ್ನು ಹಿಂದೆ ಹಾಕಿಕೊಂಡು ಹೊರಸಿನ ಮುಂದೆ ಬಂದು ನಿಂತ. ಬೆತ್ತ ಚಾಚಿದ.

“ಇಲ್ಲಿ ನೋಡ್ರಿ! ಇದರ ಮೂಗು ಹೋಗೇತಿ. ಯಾರು ಮುರದಾರ?”

ಕೈಪಿಡಿಯಲ್ಲಿ ಈ ಪ್ರಶ್ನೆಗೆ ಉತ್ತರ ‘ಗೊತ್ತಿಲ್ಲ’ ಎಂದೇ ಇತ್ತು. ದಾವಲಮಲಿಕ “ಗೊ” ಎಂದು ಅಲ್ಲಿಗೇ ನಿಂತ. ಕಾಣದ ಪ್ರವಾಸಿಗರಿಗೂ ಬೇಜಾರು ಮಾಡಲು ಮನಸ್ಸು ಬರಲಿಲ್ಲ. ಅವರಿಗೆ ಸಮಾಧಾನವಾಗುವಂತೆ ಹೇಳಿದ:

“ಇವತ್ತಲ್ಲ ನಾಳಿ ಗೊತ್ತ ಆಗೇ ಆಗತೈತಿ! ಸರ್ಕಾರ ಬಿಡಂಗಿಲ್ಲ! ಮುರದವರಿಗೆ ಮೂರು ತಿಂಗಳ ಸೆರೆವಾಸ!”

ಹೊರಸಿನ ಟಕ್ ಟಕ್ ನಿಂತಿತು.

ಅದು ಯಾಕೆ ನಿಂತಿತೆಂಬುದು ದಾವಲಮಲಿಕನಿಗೆ ತಿಳಿದದ್ದು ತಿಂಗಳ ಕೊನೆಗೆ. ನಮಗೆ ಈಗಲೇ ತಿಳಿದರೆ ಅಡ್ಡಿಯಿಲ್ಲ. ಮೂಗು ಮುರಿದವಳು ಖಾತುನಬಿಯೇ. ಒಂಬತ್ತು ವರ್ಷದವಳಿದ್ದಾಗ ಗುಡಿಯ ಹತ್ತಿರ ಆಡು ಕಾಯುತ್ತಿದ್ದಳು. ದ್ವಾರಪಾಲಕನ ಮೂಗಿನ ತುದಿಗೆ ಓತಿಕ್ಯಾತವೊಂದು ಕೂತು ಅವಳನ್ನು ನೋಡಿ ತಲೆ ಆಡಿಸಿ ಅಣಕಿಸಿತು. ಖಾತುನಬಿ ಕಲ್ಲು ಬೀಸಿದಳು. ಓತಿಕ್ಯಾತ ಉಳಿಯಿತು, ಮೂಗು ಬಿತ್ತು. ಹೆದರಿ ಅದನ್ನು ಲಂಗದಲ್ಲಿ ಕಟ್ಟಿಕೊಂಡು ಬಂದು ಜೋಳದ ವಾಡೆಯಲ್ಲಿ ಹುಗಿದಳು. ಮದುವೆಯಾಯಿತು, ಮಗಳಾದಳು, ಗಂಡ ಹೋದ, ಹಲ್ಲು ಹೋದವು. ಎಲೆ ಕುಟ್ಟಲು ಕೈಗೆ ಹಿಡಿಯಾಗುವ ಕಲ್ಲು ಹುಡುಕಿದಾಗ ವಾಡೆಯ ಮೂಗಿನಷ್ಟು ಚೆನ್ನಾಗಿ ಹೊಂದುವುದು ಇನ್ನೊಂದು ಸಿಗಲಿಲ್ಲ. ಹದಿನೈದು ವರ್ಷ ಅದರಿಂದಲೇ ಕುಟ್ಟಿದಳು. ಮಾವಿನ ವಾಟೆಯಷ್ಟು ದಪ್ಪದ ಆ ಕಲ್ಲು ಕೆಂಪಾಗಿ ಹೊಳೆಯುತ್ತಿತ್ತು. ಅದು ಏನೆಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು, ಊರೇ ಅಂಥದು.

ಈಗ ಅಳಿಯನೇ ದಿನಕ್ಕೆ ಎರಡು ಸಲ ಬೆತ್ತ ಹಿಡಿದು ಬಂದು ಹೊರಸಿನ ಮುಂದೆ ಸೆರೆವಾಸ ಎನ್ನತೊಡಗಿದ. ಮೂರನೆಯ ದಿನ ಖಾತುನಬಿ ನೆರೆಮನೆಯ ಗುರವ್ವನನ್ನು ಕರೆದು ಬಾಗಿಲು ಮುಚ್ಚಿಸಿ ಎಲ್ಲ ಹೇಳಿ ಅತ್ತಳು.

“ಅಳಿಯಗ ಗೊತ್ತಾಗೇತಿ ಗುರವ್ವಾ. ಬಾಯಿ ಬಿಟ್ಟು ಹೇಳವಲ್ಲ. ಕಾಯಂ ಆಗಬೇಕಂದ್ರ ಒಬ್ಬ ಕಳ್ಳನ್ನ ಹಿಡದು ಕೊಡಬೇಕಂತ ಕಾಣತೈತಿ.”

ಗುರವ್ವ ಎದೆಗೆ ಕೈ ಇಟ್ಟುಕೊಂಡಳು. ಮೊದಲು ಖಾತುನಬಿಯ ದುಃಖಕ್ಕೆ, ಆಮೇಲೆ ತನ್ನ ಬಚ್ಚಲಿನ ಒಗೆಯುವ ಕಲ್ಲು ನೆನಪಾಗಿ. ಅವಳ ಮಾವ ಎಂದೋ ಗುಡಿಯ ಹಿಂದಿನಿಂದ ಎಳೆದು ತಂದ ಹಾಸುಗಲ್ಲು ಅದು. ಮೇಲೆ ಸಾಲುಸಾಲು ಅಕ್ಷರಗಳಿದ್ದವು. ಅವುಗಳ ಮೇಲೆ ಉಜ್ಜಿದರೆ ಧೋತರದ ಕೊಳೆ ಚೆನ್ನಾಗಿ ಹೋಗುತ್ತಿತ್ತು.

ಸಂಜೆಯ ಹೊತ್ತಿಗೆ ಹೊಂಡದಹಾಳದಲ್ಲಿ ನೆಮ್ಮದಿಯಿಂದ ಕೂತ ಮನೆ ಒಂದೂ ಉಳಿಯಲಿಲ್ಲ. ನಾಲ್ಕು ತಲೆಮಾರುಗಳಿಂದ ಆ ಊರಿನ ಹೊಸ್ತಿಲು, ಒರಳು, ದನದ ಗೂಟ, ನೀರಿನ ಡೋಣಿ ಎಲ್ಲಕ್ಕೂ ಗುಡಿಯೇ ಮೂಲ. ಕಮಲ ಕೆತ್ತಿದ ಹೊಸ್ತಿಲಿನ ಒಡೆಯ, ದೊಡ್ಡ ಹೊಲದ ರಾಚಪ್ಪ, ಮರುದಿನ ಒಂದು ಮಡಿಲು ಬಿಸಿ ಸೀತನಿ, ಸುಟ್ಟ ಎಳೆ ಜೋಳದ ಕಾಳು, ಹಿಡಿದುಕೊಂಡು ಉದ್ಯಾನಕ್ಕೆ ಬಂದ.

“ದಾವಲಣ್ಣಾ, ಒಂದು ಮಾತು. ನಮ್ಮನಿ ಸುದ್ದಿ ಅಲ್ಲ ಮತ್ತ. ಬ್ಯಾರೆ ಊರಾಗ ಒಬ್ಬಾಂವ ಅದಾನ. ಅವನ ಹೊಸ್ತಿಲಕ ಗುಡಿ ಕಲ್ಲ ಐತಿ. ಅವಂಗ ಏನ ಶಿಕ್ಷಾ?”

ಕೈಪಿಡಿಯಲ್ಲಿ ಹೊಸ್ತಿಲಿನ ಮಾತೇ ಇರಲಿಲ್ಲ. ಆದರೆ ಸೀತನಿಯ ಘಮ ಮೂಗಿಗೆ ಬಡಿಯುತ್ತಿತ್ತು, ರಾಚಪ್ಪನ ಮುಖದಲ್ಲಿ ಅಷ್ಟು ಆಸೆ ಇತ್ತು.

“ತುಳದು ಹೋಗ್ತಾನೋ, ದಾಟಿ ಹೋಗ್ತಾನೋ?” ಎಂದು ದಾವಲಮಲಿಕ ಗಂಭೀರವಾಗಿ ಕೇಳಿದ.

“ಅಂದ್ರ?”

“ತುಳದ್ರ ಮೂರು ತಿಂಗಳ. ದಾಟಿದ್ರ ಒಂದೂವರಿ.”

ಆ ದಿನದಿಂದ ರಾಚಪ್ಪನ ಮನೆಯವರು ಹೊಸ್ತಿಲನ್ನು ಜಿಗಿದು ಓಡಾಡತೊಡಗಿದರು. ಅವನ ಹೆಂಡತಿ ತುಂಬಿದ ಕೊಡ ಹೊತ್ತು ಜಿಗಿಯುವುದನ್ನು ನೋಡಲು ಓಣಿಯ ಜನ ಮುಂಜಾನೆ ನೆಪ ಮಾಡಿಕೊಂಡು ಬರುತ್ತಿದ್ದರು. ಗುರವ್ವ ಒಂದು ಗಡಿಗೆ ಮಜ್ಜಿಗೆ ತಂದು ಒಗೆಯುವ ಕಲ್ಲಿನ ಕಾನೂನು ಕೇಳಿದಳು. ಸಾಬಾಣ ಹಚ್ಚಿದರೆ ಎರಡು ತಿಂಗಳು, ಬರೀ ನೀರಾದರೆ ಹದಿನೈದು ದಿನ ಎಂದು ತಿಳಿಯಿತು. ಊರ ಹಿರಿಯ ಚನ್ನಬಸಯ್ಯ ಅವಳ ಮೂವತ್ತು ವರ್ಷದ ಒಗೆತವನ್ನು ಬೆರಳಿನಲ್ಲಿ ಎಣಿಸಿ, “ಇದು ಈ ಜನ್ಮದಾಗ ತೀರೋದಲ್ಲವ್ವಾ” ಎಂದು ತಲೆ ಆಡಿಸಿದರು. ಅವರು ಇದನ್ನು ಹೇಳಿದ್ದು ಗುಡಿಯ ಕಲ್ಲಿನ ಮೇಲೆಯೇ ಕೂತು. ನೆನಪಾದ ಕೂಡಲೇ ಎದ್ದು ನಿಂತರು, ಆಮೇಲೆ ತಿಂಗಳಿಡೀ ಕಟ್ಟೆಯ ಹತ್ತಿರ ನಿಂತೇ ಪಂಚಾಯಿತಿ ಮಾಡಿದರು.

ದಾವಲಮಲಿಕನಿಗೆ ಇದೆಲ್ಲ ಬೇರೆಯಾಗಿಯೇ ಕಂಡಿತು. “ನೋಡ ಮುಮ್ತಾಜ, ಟ್ರೇನಿಂಗ್ ಅಂದ್ರ ಏನ ಅಂತ. ಮಂದಿ ಹೆಂಗ ಮರ್ಯಾದಿ ಕೊಡಾಕತ್ತಾರ!”

ಮುಮ್ತಾಜಳ ಗಮನ ಮರ್ಯಾದೆಯ ಮೇಲೆ ಇರಲಿಲ್ಲ. “ಅವ್ವ ಎಲಿ ಹಾಕಿ ಎಂಟು ದಿನ ಆತು. ರೊಟ್ಟಿ ಮುರದು ಅಲ್ಲೇ ಇಡಾಕತ್ತಾಳ. ನಿಮ್ಮ ಭಾಷಣ ಕೇಳಿ ಕೇಳಿ ಅಕಿ ತಲಿ ಕೆಟ್ಟೈತಿ.”

“ತಲಿ ಕೆಟ್ಟಿಲ್ಲ, ವಿಚಾರ ಮಾಡಾಕತ್ತಾಳ. ಪರಂಪರಾ ಅಂದ್ರ ಹಗುರ ಅಲ್ಲ” ಎಂದು ಅವನು ಟೊಪ್ಪಿಗೆ ಹಾಕಿಕೊಂಡು ಹೊರಸಿನ ಕಡೆ ನಡೆದ.

ಪರೀಕ್ಷೆಯ ದಿನ ಬಂತು. ಸಾಹೇಬರು ಊರಲ್ಲಿ ದಾರಿ ಕೇಳುವ ಪ್ರಸಂಗ ಬಾರದಂತೆ ಮೋರಟಗಿಯ ದೊಡ್ಡ ರಸ್ತೆಗೆ ಬಂದು ನಿಲ್ಲಬೇಕೆಂದು ಬಸಂತರಾಯರು ದಾವಲಮಲಿಕನಿಗೆ ಮೊದಲೇ ಕಾಗದ ಬರೆದಿದ್ದರು. ಅವನು ನಸುಕಿನಲ್ಲೇ ಎದ್ದು, ಒಗೆದ ಅಂಗಿ ತೊಟ್ಟು, ದಾರಿಯುದ್ದಕ್ಕೂ “ಗೊ, ಗೊ” ಎಂದು ರೂಢಿ ಮಾಡುತ್ತ ಹೋದ. ಅವನು ಊರ ಗಡಿ ದಾಟಿದ್ದೇ ತಡ, ಹೊಂಡದಹಾಳ ಎದ್ದು ನಿಂತಿತು.

ಹನ್ನೊಂದು ಗಂಟೆಗೆ ಜೀಪು ಬಂತು. ಬಸಂತರಾಯರ ಪಕ್ಕದಲ್ಲಿ ದೊಡ್ಡ ಸಾಹೇಬರು. ಮೈಸೂರಿನ ಕಡೆಯ ಸಣ್ಣ ದೇಹದ ವೃದ್ಧರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ದಾವಲಮಲಿಕ ಹಿಂದಿನ ಸೀಟಿನಲ್ಲಿ ಕೈಪಿಡಿಯನ್ನು ಮನಸ್ಸಿನಲ್ಲೇ ತಿರುವುತ್ತಿದ್ದ. ಉದ್ಯಾನದ ಮುಂದೆ ಜೀಪು ನಿಂತಾಗ ಅವನ ತಲೆಯಿಂದ ಕೈಪಿಡಿ ಹಾರಿಹೋಯಿತು.

ಕಣಗಿಲ ಗಿಡಗಳು ಕಾಣುತ್ತಲೇ ಇರಲಿಲ್ಲ. ಬೇಲಿಯೊಳಗೆ ಕಲ್ಲು, ಎಲ್ಲೆಲ್ಲೂ ಕಲ್ಲು. ಹೊಸ್ತಿಲು, ಒರಳು, ಗೂಟ, ಡೋಣಿ, ಹಂಸದ ಸಾಲು, ಆನೆಯ ಹಿಂಭಾಗ. ರಾಚಪ್ಪನ ಎರಡೆತ್ತಿನ ಬಂಡಿಯಿಂದ ಗುರವ್ವನ ಒಗೆಯುವ ಕಲ್ಲನ್ನು ಆರು ಜನ ಆಗ ತಾನೆ ಇಳಿಸುತ್ತಿದ್ದರು. ಊರೆಲ್ಲ ಕೈಕಟ್ಟಿ ಸಾಲಾಗಿ ನಿಂತಿತ್ತು, ತಪ್ಪಿತಸ್ಥರು ನಿಲ್ಲುವ ಹಾಗೆ.

“ಇದೇನು?” ಎಂದರು ಸಾಹೇಬರು.

ಎಲ್ಲರ ಕಣ್ಣು ದಾವಲಮಲಿಕನ ಮೇಲೆ. ಅವನಿಗೆ ಕಾಯಂ ಕೆಲಸ ಕಣ್ಣೆದುರಿಗೇ ಬಂಡಿ ಹತ್ತಿ ಹೋಗುತ್ತಿರುವಂತೆ ಕಂಡಿತು. ರಾಚಪ್ಪನೇ ಮುಂದೆ ಬಂದು ಕೈಮುಗಿದ. “ತಪ್ಪಾತ್ರಿ. ದಾವಲಣ್ಣ ನಮಗೆಲ್ಲಾ ತಿಳಿಸಿ ಹೇಳ್ಯಾನ. ಎಲ್ಲಾ ವಾಪಸ್ ತಂದಿಟ್ಟೇವಿ. ಹೆಂಗಸರನ್ನಷ್ಟ ಬಿಟ್ಟುಬಿಡ್ರಿ.”

ಸಾಹೇಬರು ಕಲ್ಲುಗಳ ನಡುವೆ ಬಗ್ಗಿ, ಮುಟ್ಟಿ, ಸವರಿ ನಡೆದರು. ಕಿರಾಣಿ ಅಂಗಡಿಯ ಫಕ್ರುದ್ದೀನ ತಂದಿಟ್ಟ ನಾಲ್ಕು ಗುಂಡುಕಲ್ಲುಗಳ ಹತ್ತಿರ ನಿಂತರು. “ಇವು ಗುಡಿಯವಲ್ಲ.”

“ಅಲ್ರಿ. ಸೇರಿನ ಕಲ್ಲರಿ. ಕಿಲೋ ಬಂದ ಮ್ಯಾಲ ಇವನ್ನ ಇಟಗೊಂಡ್ರೂ ಶಿಕ್ಷಾ ಅಂತ ಕೇಳೇನಿ. ಹೆಂಗೂ ಸರ್ಕಾರ ಬಂದೈತಿ, ಇವನ್ನೂ ಒಯ್ಯಿರಿ.”

ಸಾಹೇಬರು ಒಗೆಯುವ ಕಲ್ಲಿನ ಮುಂದೆ ಮಂಡಿಯೂರಿದರು. ಕನ್ನಡಕ ಏರಿಸಿದರು. ನೀರು ತರಿಸಿ ತೊಳೆದರು. ಮೂವತ್ತು ವರ್ಷ ಸಾಬಾಣ ಕಂಡ ಕಲ್ಲು ಅಕ್ಷರಗಳನ್ನು ಸ್ಪಷ್ಟವಾಗಿ ತೋರಿಸಿತು. ಅವರು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೂಗಿದರು. “ಬಸಂತರಾಯರೇ, ಇದು ಈ ಗುಡಿಯ ಒಡೆದ ಶಾಸನದ ಕೆಳಗಿನ ತುಂಡು! ನಾವು ಇಪ್ಪತ್ತು ವರ್ಷ ಹುಡುಕಿದ್ದು! ನೋಡಿ, ‘ದೇವರ ಪೂದೋಂಟಕ್ಕಂ ಮಾಲೆಗಾರಂಗಂ ಬಿಟ್ಟ ಕೆಯ್.’ ದೇವರ ಹೂದೋಟಕ್ಕೂ ಅದನ್ನು ನೋಡಿಕೊಳ್ಳುವ ಮಾಲಿಗೂ ಹೊಲ ಬಿಟ್ಟಿದ್ದಾರೆ. ‘ಆಚಂದ್ರಾರ್ಕತಾರಂ ಸಲ್ವುದು.’”

“ಹಂಗಂದ್ರೇನ್ರಿ?” ಎಂದು ದಾವಲಮಲಿಕ ಮೆಲ್ಲಗೆ ಕೇಳಿದ.

“ಸೂರ್ಯ, ಚಂದ್ರ, ನಕ್ಷತ್ರ ಇರುವತನಕ ಸಲ್ಲಬೇಕು ಅಂತ.”

“ಅಂದ್ರ ಆ ಮಾಲಿ ಕಾಯಂ ಇದ್ದರಿ!” ಎಂದು ಅವನು ಬಾಯಿ ತಪ್ಪಿ ಕೂಗಿದ. ಎಂಟು ನೂರು ವರ್ಷದ ಹಿಂದಿನ ಸಹೋದ್ಯೋಗಿಯ ಮೇಲೆ ಅವನಿಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ನಾಲ್ಕು ಜನ ಒಂದು ಹೊರಸು ಹೊತ್ತು ತಂದರು. ಮೇಲೆ ಖಾತುನಬಿ, ತಲೆ ತುಂಬ ಸೆರಗು ಹೊದ್ದು, ಮಡಿಲಲ್ಲಿ ಎಲೆ ಕುಟ್ಟುವ ಒರಳು ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಮುಮ್ತಾಜ ಕಣ್ಣೊರೆಸುತ್ತ ನಡೆಯುತ್ತಿದ್ದಳು. ತಾನು ಬೇಡ ಅಂದರೂ ಅವ್ವ ಕೇಳಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಹೊರಸನ್ನು ಮೂಗಿಲ್ಲದ ದ್ವಾರಪಾಲಕನ ಬುಡಕ್ಕೆ ಇಳಿಸಿದರು. ಅರವತ್ತು ವರ್ಷಗಳ ಮೇಲೆ ಅವರಿಬ್ಬರೂ ಮುಖಾಮುಖಿಯಾದರು.

ಖಾತುನಬಿ ಎಲೆಚಂಚಿಯಿಂದ ಬಟ್ಟೆಯ ಗಂಟು ತೆಗೆದು ಸಾಹೇಬರ ಕೈಗಿಟ್ಟಳು. “ಇದು ನಿಮ್ಮದರಿ. ನಮ್ಮ ಅಳಿಯನ ನೌಕರಿ ಮಾತ್ರ ಕಳೀಬ್ಯಾಡ್ರಿ.”

ಸಾಹೇಬರು ಗಂಟು ಬಿಚ್ಚಿದರು. ಕೆಂಪು ಕಲ್ಲನ್ನು ತಿರುಗಿಸಿ ನೋಡಿ, ಜೀಪಿನ ಡ್ರೈವರನ ಹೆಗಲ ಆಸರೆಯಲ್ಲಿ ಕಟ್ಟೆ ಹತ್ತಿ ದ್ವಾರಪಾಲಕನ ಮುಖಕ್ಕೆ ಹಿಡಿದರು. ಕೂದಲೆಳೆಯ ಸಂದೂ ಇಲ್ಲದೆ ಅದು ಕೂತಿತು. ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ದಾವಲಮಲಿಕ ಮೂಗನ್ನು ನೋಡಿದ. ಹದಿನೈದು ವರ್ಷ ದಿನಾ ಟಕ್ ಟಕ್ ಎಂದ ಕಲ್ಲು ಅದು. ನಿಂತುಹೋದ ಸದ್ದು, ಮುರಿದಿಟ್ಟ ರೊಟ್ಟಿ, ತಾನು ಬೆತ್ತ ಚಾಚಿ ಕೂಗಿದ ಸೆರೆವಾಸ, ಎಲ್ಲ ಒಮ್ಮೆಗೇ ಅವನ ತಲೆಗೆ ಇಳಿದವು. ಅತ್ತೆ ಒಂದು ತಿಂಗಳು ತನಗೆ ಹೆದರಿಕೊಂಡು ಬದುಕಿದ್ದಳು, ಈಗ ತನ್ನ ಸಲುವಾಗಿ ಜೈಲಿಗೆ ಹೊರಟು ಬಂದಿದ್ದಳು.

ಬಸಂತರಾಯರು ಪೆನ್ಸಿಲ್ ತೆಗೆದರು. “ಪರೀಕ್ಷೆ ಇದೇ ಆಗಲಿ. ಮಾರ್ಗದರ್ಶಿಯವರೇ, ಈ ಮೂಗನ್ನು ಮುರಿದವರು ಯಾರು? ಇದು ಇಷ್ಟು ದಿನ ಎಲ್ಲಿತ್ತು?”

ಖಾತುನಬಿ ಬಾಯಿ ತೆರೆದಳು. ದಾವಲಮಲಿಕನ ಹತ್ತಿರ ಐದು ಕಥೆಗಳು ಸಿದ್ಧವಿದ್ದವು: ಸಿಡಿಲು, ಆನೆ, ದಂಡು, ಭೂಕಂಪ, ಮತ್ತು ಆ ಇನ್ನೊಂದು. ಆರನೆಯದು ಖರೆ, ಕಣ್ಣೆದುರಿಗೇ ಹೊರಸಿನ ಮೇಲೆ ಕೂತಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟು ಅತ್ತೆಗೂ ಸಾಹೇಬರಿಗೂ ನಡುವೆ ಅಡ್ಡ ನಿಂತ.

“ಗೊತ್ತಿಲ್ರಿ” ಎಂದ.

ಒಂದೇ ಉಸಿರಿಗೆ, “ಗೊ” ಹತ್ತಿರ ಎಡವದೆ ಬಂತು ಆ ಮಾತು. ಬಸಂತರಾಯರ ಕೈಯ ಪೆನ್ಸಿಲ್ ಕೆಳಗೆ ಬಿತ್ತು. ಸಾಹೇಬರು ಗುರವ್ವನ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು, “ನನಗೂ ಗೊತ್ತಿಲ್ರಿ” ಎಂದಳು. “ಗೊತ್ತಿಲ್ರಿ” ಎಂದ ರಾಚಪ್ಪ. “ಯಾರಿಗೂ ಗೊತ್ತಿಲ್ರಿ” ಎಂದರು ಚನ್ನಬಸಯ್ಯ. ಹೊಂಡದಹಾಳ ತನ್ನ ಚರಿತ್ರೆಯಲ್ಲಿ ಆಡದ ಮಾತನ್ನು ಅಂದು ಬಾಯಿತುಂಬ ಆಡಿತು.

ಸಾಹೇಬರು ಕೆಂಪು ಮೂಗನ್ನು ನೋಡಿದರು. ಎಲೆ ಬಿಟ್ಟು ತಿಂಗಳಾದರೂ ಕೆಂಪು ಮಾಸದ ಎಪ್ಪತ್ತು ವರ್ಷದ ಮುದುಕಿಯ ತುಟಿ ನೋಡಿದರು. ಅವಳ ಮಡಿಲಲ್ಲಿದ್ದ ಖಾಲಿ ಒರಳನ್ನೂ ನೋಡಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ನನಗೂ ಗೊತ್ತಾಗಲಿಲ್ಲ” ಎಂದರು. ಆಮೇಲೆ ಬಸಂತರಾಯರಿಗೆ ಹೇಳಿ ಬರೆಸಿದರು: ಸಾರ್ವಜನಿಕರಿಗೆ ಪರಂಪರೆಯನ್ನು ತಿಳಿಸಿ ಹೇಳುವಲ್ಲಿ ಈ ನೌಕರನಷ್ಟು ಯಶಸ್ಸು ಕಂಡವರನ್ನು ನನ್ನ ಸೇವಾವಧಿಯಲ್ಲಿ ನೋಡಿಲ್ಲ. ಕೂಡಲೇ ಕಾಯಂ ಮಾಡತಕ್ಕದ್ದು.

ಗುಡಿಯದಲ್ಲದ ಹದಿನೇಳು ಕಲ್ಲುಗಳನ್ನು ಜನ ಮನೆಗೆ ಒಯ್ದರು. ಫಕ್ರುದ್ದೀನನ ಸೇರಿನ ಕಲ್ಲು ಮಾತ್ರ ಅಲ್ಲೇ ಉಳಿದವು, ಈಗ ಬೆಂಚಿನ ಕಾಲಿಗೆ ಆಸರೆಯಾಗಿವೆ. ಸುಣ್ಣ ಬೆಲ್ಲ ಕಲಸಿ ಮೂಗನ್ನು ಕೂಡಿಸಿದರು. ಎಷ್ಟು ಉಜ್ಜಿದರೂ ಕೆಂಪು ಹೋಗಲಿಲ್ಲ. ಬಂದ ಪ್ರವಾಸಿಗಳೆಲ್ಲ ಮೈಯೆಲ್ಲ ಕರಿಯಿದ್ದವನಿಗೆ ಮೂಗು ಯಾಕೆ ಕೆಂಪು ಎಂದು ಕೇಳುತ್ತಾರೆ, ದಾವಲಮಲಿಕ ಟೊಪ್ಪಿಗೆ ಸರಿಮಾಡಿಕೊಂಡು ಗೊತ್ತಿಲ್ಲ ಎನ್ನುತ್ತಾನೆ. ಕಂಬ ನಿಲ್ಲಿಸಿದವರು ಮಾತ್ರ ಈಗಲೂ ನೂರಾ ಎಂಟು ಮಂದಿಯೇ.

ಕಾಯಂ ಆದ ಕಾಗದ ಬಂದ ವಾರ ಅವನು ಇಂಡಿಯ ಸಂತೆಯಿಂದ ಅತ್ತೆಗೆ ಹೊಸ ಕುಟ್ಟುವ ಕಲ್ಲು ತಂದ. ಖಾತುನಬಿ ಎರಡು ದಿನ ಕುಟ್ಟಿ ನೋಡಿ ಮುಖ ಕಿವುಚಿದಳು.

“ಮೊದಲಿನ ರುಚಿ ಹತ್ತವಲ್ದು.” ಆಮೇಲೆ ದನಿ ಇಳಿಸಿ ಕೇಳಿದಳು: “ಅಳಿಯಾ, ಅವತ್ತು ನಿನಗ ಗೊತ್ತಿತ್ತಲ್ಲ?”

“ಏನ ಅತ್ತಿ?”

“ಮೂಗಿನ ಸುದ್ದಿ.”

ದಾವಲಮಲಿಕ ಜೋಳದ ವಾಡೆಯ ಕಡೆ ನೋಡಿದ. “ನನಗೇನೂ ಗೊತ್ತಿಲ್ಲಬೇ” ಎಂದ.

ಟಕ್ ಟಕ್ ಸದ್ದು ಮತ್ತೆ ಸುರುವಾಯಿತು. ಎಲೆ ನುಣ್ಣಗಾದ ಮೇಲೆ ಖಾತುನಬಿ ಅರ್ಧ ತನ್ನ ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ಬೆರಳಲ್ಲಿ ಒತ್ತಿ ಉಂಡೆ ಮಾಡಿ ಅಳಿಯನ ಕೈಗೆ ಇಟ್ಟಳು.